ತೊಳೆದ ಕಲ್ಲು

ಕಲ್ಲುಗಳು ಬೆಳ್ಳಗಿದ್ದವು.

ಯಮನೂರ ತೊಟ್ಟಿಯ ಮುಚ್ಚಳ ಎತ್ತಿ ಹಿಡಿದವನು ಹಿಡಿದಂತೆಯೇ ನಿಂತುಬಿಟ್ಟ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅವನು ನೋಡುತ್ತಿದ್ದ ಕಲ್ಲುಗಳು ಇವಲ್ಲ. ಅವು ಚಹಾದ ಬಣ್ಣದವು, ಮುಟ್ಟಿದರೆ ಬೆರಳು ಜಾರುವಂಥವು, ಮೂಗಿಗೆ ಹಿಡಿದರೆ ಹಸಿ ಮಣ್ಣಿನ ವಾಸನೆ ಬರುವಂಥವು. ಈಗ ಕಣ್ಣೆದುರು ಇದ್ದದ್ದು ಹಬ್ಬಕ್ಕೆ ತಿಕ್ಕಿಟ್ಟ ಪಾತ್ರೆಯ ಹಾಗೆ ಹೊಳೆಯುವ ಜಲ್ಲಿ. ಒಂದನ್ನು ಎತ್ತಿ ಮೂಸಿದ. ಬ್ಲೀಚಿಂಗ್ ಪುಡಿ.

ನೀರಿನ ಮೇಲೆ ನಲವತ್ತು ಜಿಲೇಬಿ ಮೀನುಗಳು ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದವು.

ಸಾಹೇಬರ ಮನೆಯ ಪಡಸಾಲೆಯಲ್ಲಿ ಬಣ್ಣದ ದೀಪ ಹಾಕಿ ಇಡುವ ಮೀನುತೊಟ್ಟಿಯಲ್ಲ ಇದು. ಹುಬ್ಬಳ್ಳಿಯ ಗಿರಣಿ ಚಾಳದ ಏಳು ಜನರ ಮೂತ್ರಪಿಂಡ. ರಕ್ತ ತೊಳೆಯುವ ಹಳೆಯ ಯಂತ್ರ ಒಬ್ಬ ರೋಗಿಗೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರ್ ಶುದ್ಧ ನೀರು ನುಂಗಿ ಅಷ್ಟನ್ನೂ ಚರಂಡಿಗೆ ಉಗುಳುತ್ತಿತ್ತು. ಕುಡಿಯುವ ನೀರೇ ಹದಿನೈದು ದಿನಕ್ಕೊಮ್ಮೆ ನಲ್ಲಿಗೆ ಬರುವ ಕಾಲ ಬಂದಾಗ ಆ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದರು. ಆಮೇಲೆ ಬಂದದ್ದು ಈ ತೊಟ್ಟಿ. ರೋಗಿಯ ರಕ್ತ ಒಂದು ತೆಳು ಪೊರೆಯ ಆಚೆ ಹರಿಯುತ್ತದೆ, ತೊಳೆಯುವ ನೀರು ಈಚೆ. ರಕ್ತದ ಕೊಳೆ ಪೊರೆ ದಾಟಿ ನೀರಿಗಿಳಿಯುತ್ತದೆ. ಆ ನೀರು ಕಲ್ಲಿನ ಹಾಸಿಗೆಯೊಳಗೆ ಹಾದು ಶುದ್ಧವಾಗಿ ಮತ್ತೆ ರೋಗಿಯ ಕಡೆಗೇ ಹೋಗುತ್ತದೆ. ಒಂದು ಹನಿಯೂ ಚರಂಡಿಗಿಲ್ಲ. ಶುದ್ಧ ಮಾಡುವುದು ಕಲ್ಲಲ್ಲ, ಮೀನೂ ಅಲ್ಲ. ಕಲ್ಲಿಗೆ ಅಂಟಿಕೊಂಡ ಲೋಳೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು.

ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಯಮನೂರ ಇದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡಿದ್ದ. ಅವನ ಮುತ್ತಜ್ಜ ಗಿರಣಿಯಲ್ಲಿ ದುಡಿದವನು. ಚಾಳಿನಲ್ಲಿ ಇಂದಿಗೂ ಎಲ್ಲ ಮಾತಿಗೂ ಪಾಳಿಯ ಲೆಕ್ಕ. ಕಲ್ಲಿನೊಳಗೂ ಮೂರು ಪಾಳಿ ಇವೆ. ಮೊದಲ ಪಾಳಿಯವು ರಕ್ತದಿಂದ ಬಂದ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಅದು ವಿಷ. ಎರಡನೆಯ ಪಾಳಿಯವು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಮೂರನೆಯ ಪಾಳಿಯವು ಅದನ್ನೂ ತಿಂದು ನೈಟ್ರೇಟ್ ಮಾಡುತ್ತವೆ. ಅದನ್ನು ಮೇಲೆ ತೇಲುವ ಅಂತರಗಂಗೆ ಹೀರಿಕೊಂಡು ಸೊಂಪಾಗಿ ಬೆಳೆಯುತ್ತದೆ. ಒಂದು ಪಾಳಿ ತಪ್ಪಿದರೂ ಏಳು ಜನರ ಮೈಗೆ ವಿಷ. ಮೀನುಗಳು ಇರುವುದು ಕಾವಲಿಗೆ. ಮೀಟರಿಗಿಂತ ಮೊದಲು ಅವು ಹೇಳುತ್ತವೆ.

ಈಗ ಹೇಳುತ್ತಿದ್ದವು.

ಮೇಲ್ಸೇತುವೆಗೆ ಅಡ್ಡ ಬರುತ್ತದೆಂದು ಹಳೆಯ ಗೋದಾಮನ್ನು ಕೆಡವಲು ಆದೇಶ ಬಂದಿತ್ತು. ನಿನ್ನೆ ಒಂದೇ ದಿನದಲ್ಲಿ ತೊಟ್ಟಿಯನ್ನು ಅರ್ಧ ಮೈಲಿ ಆಚೆಯ ಹೊಸ ಕಟ್ಟಡಕ್ಕೆ ಸಾಗಿಸಿದ್ದರು. ಯಮನೂರ ಮೀನಿನ ಡ್ರಮ್ಮುಗಳ ಜೊತೆ ಲಾರಿಯ ಹಿಂದೆ ಕೂತು, ಗಾಳಿಯ ಪಂಪು ನಿಲ್ಲದಂತೆ ಕಾಯುತ್ತ ಮೂರು ಸಲ ಓಡಾಡಿದ್ದ. ಆಮೇಲೆ ನಳಿಕೆ ಜೋಡಿಸುತ್ತ ನೆಲದ ಮೇಲೆಯೇ ಬಿದ್ದುಕೊಂಡಿದ್ದ. ಕಲ್ಲಿನ ಚೀಲಗಳನ್ನು ಚಾಳಿನವರು ಹೊತ್ತು ತಂದು ಸುರಿದು, ಮುಚ್ಚಳ ಹಾಕಿ, ಅದರ ಮೇಲೆ ಕುಂಕುಮ ಹಚ್ಚಿ ಹೋಗಿದ್ದರು. ಕುಂಕುಮ ಕಂಡು ಅವನಿಗೆ ಖುಷಿಯೇ ಆಗಿತ್ತು. ಹೊಸ ಬಣ್ಣ, ಫಿನಾಯಿಲ್ ವಾಸನೆಯ ನಡುವೆ ಬ್ಲೀಚಿಂಗ್ ಯಾರ ಮೂಗಿಗೆ ಹತ್ತೀತು?

ಅವನು ಹೈಪೋ ದ್ರಾವಣದ ಬಾಟಲಿ ಪೂರ್ತಿ ಸುರಿದ. ಅದು ಬ್ಲೀಚಿಂಗನ್ನು ಸಾಯಿಸುತ್ತದೆ. ಆದರೆ ಬ್ಲೀಚಿಂಗ್ ಸಾಯಿಸಿದ್ದನ್ನು ಬದುಕಿಸುವುದಿಲ್ಲ.

ಅಷ್ಟರಲ್ಲಿ ಆಡಳಿತಾಧಿಕಾರಿ ಕಟಗೇರಿ ಸಾಹೇಬರು ಒಳಗೆ ಬಂದರು. ಹಿಂದೆ ಒಬ್ಬ ಬಣ್ಣದ ದೀಪಗಳ ಸರ ಹಿಡಿದುಕೊಂಡಿದ್ದ.

"ಏನಪಾ ಯಮನೂರ, ಮೀನು ಕುಣ್ಯಾಕತ್ತಾವಲ್ಲ!"

"ಕುಣ್ಯಾಕತ್ತಿಲ್ರಿ ಸಾಹೇಬ್ರ. ಅವಕ್ಕ ಉಸಿರು ಸಿಗವಲ್ದು. ಇವತ್ತಿನ ಮಂದಿಗೆ ಬರಬ್ಯಾಡ್ರಿ ಅಂತ ಹೇಳ್ರಿ."

"ಶನಿವಾರ ಉದ್ಘಾಟನಾ ಐತಿ. ಮೀನು ಸತ್ರ ಬ್ಯಾರೆ ಮೀನು ತರ್ಸೋಣ, ಏನೀಗ?"

"ಮೀನಿನ ಮಾತಲ್ರಿ. ಕಲ್ಲು ಸತ್ತಾವ."

ಕಟಗೇರಿ ಒಂದು ಕ್ಷಣ ಅವನನ್ನು ನೋಡಿ, ದೀಪ ಹಿಡಿದವನ ಕಡೆ ತಿರುಗಿ ನಕ್ಕರು. "ಕಲ್ಲು ಸಾಯ್ತಾವಂತ, ಕೇಳಿಲ್ಲಿ!"

ಯಮನೂರನ ಕೈಯಲ್ಲಿ ಇನ್ನೂ ಆ ಬಿಳಿ ಕಲ್ಲಿತ್ತು. ಅದನ್ನು ಎಸೆಯದೆ ಇದ್ದದ್ದು ಅವನ ದೊಡ್ಡಗುಣ, ಅಷ್ಟೇ.

*

ನಿಯಂತ್ರಣ ಕೊಠಡಿಯ ಪರದೆಯಲ್ಲಿ ಗಿರಣಿ ಚಾಳದ ಅಮೋನಿಯಾ ಗೆರೆ ಮೇಲೇರಿದ್ದನ್ನು ಕಂಡು ಡಾಕ್ಟರ್ ಹೊಸಮನಿ ಮೇಡಂ ಧಾರವಾಡದಿಂದ ಹೊರಟು ಬಂದರು. ಜಿಲ್ಲೆಯ ಎಲ್ಲ ತೊಟ್ಟಿಗಳ ವಿಜ್ಞಾನಿ ಅವರು. ಯಮನೂರನಿಗೆ ಲೋಳೆಯ ಗುಟ್ಟು ಹೇಳಿಕೊಟ್ಟವರೂ ಅವರೇ. ಸೂಕ್ಷ್ಮದರ್ಶಕವನ್ನು ಹೊಸ ಕಟ್ಟಡದ ನೆಲದ ಮೇಲೆಯೇ ಇಟ್ಟು, ಮಂಡಿಯೂರಿ ಕೂತು, ಹತ್ತು ಕಲ್ಲು ಕೆರೆದು ಹತ್ತು ಗಾಜಿನ ಪಟ್ಟಿ ನೋಡಿದರು. ಹತ್ತನೆಯದನ್ನು ನೋಡಿ ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ.

"ಒಂದೂ ಇಲ್ಲ ಯಮನೂರ. ಗಾಜು ಖಾಲಿ ಅದ."

"ಅಂಗಡ್ಯಾಗ ಪುಡಿ ಸಿಗತೈತಲ್ರಿ ಮೇಡಂ, ಬ್ಯಾಕ್ಟೀರಿಯಾದ್ದು?"

"ಅದು ಶೋಕಿ ಮೀನಿಗೆ. ಏಳು ಮಂದಿ ರಕ್ತದ ಭಾರ ಅದಕ್ಕ ಎಲ್ಲಿ ತಡೀಬೇಕು? ಹೊಸದಾಗಿ ಬೆಳಸೂದಾದ್ರ ಆರು ವಾರ."

"ಮಂದಿ ಎಷ್ಟ್ ದಿನ ತಡೀತಾರ್ರಿ?"

"ನಾಲ್ಕು. ಗಟ್ಟಿ ಇದ್ದವರು ಇನ್ನೊಂದೆರಡು. ದೊಡ್ಡಾಸ್ಪತ್ರಿಯೊಳಗ ಹಳೇ ಯಂತ್ರ ಒಂದು ಉಳದದ. ಇಬ್ಬರನ್ನ ತಗೋತೀವಿ ಅಂದಾರ."

"ಉಳದ ಐದು ಮಂದಿ?"

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಒರೆಸಿಯೇ ಒರೆಸಿದರು.

ಆ ಐವರಲ್ಲಿ ಒಬ್ಬಳು ಯಮನೂರನ ಅಕ್ಕ ನೀಲವ್ವ. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೆಂಟು. ಮದುವೆ ಬೇಡವೆಂದು ನಿಂತು ಅವನನ್ನು ಸಾಕಿದವಳು. ಮೆಣಸಿನಕಾಯಿ ಗೋದಾಮಿನಲ್ಲಿ ದಿನವಿಡೀ ತೊಟ್ಟು ಮುರಿದು, ಆ ಘಾಟಿಗೆ ಏಳುತ್ತಿದ್ದ ತಲೆಶೂಲೆಗೆಂದು ಗುಳಿಗೆಯ ಮೇಲೆ ಗುಳಿಗೆ ನುಂಗಿ ಮೂತ್ರಪಿಂಡ ಸುಟ್ಟುಕೊಂಡವಳು.

ಯಾವನೋ ಗುತ್ತಿಗೆದಾರನ ಆಳು ಈ ಕೆಲಸ ಮಾಡಿದ್ದಾನೆ ಎಂದು ಯಮನೂರನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಯಾರ ಅಪ್ಪಣೆಯ ಮೇಲೆ? ಕಟಗೇರಿಯ ಅಪ್ಪಣೆ, ಇನ್ಯಾರದು? ಉದ್ಘಾಟನೆಗೆ ಬರುವ ದೊಡ್ಡವರ ಬಿಳಿ ಅಂಗಿಗೆ ಕಲೆಯಾಗಬಾರದಲ್ಲ! ಅವನು ಚಾಳಿನ ಓಣಿಗೆ ಕಾಲಿಟ್ಟದ್ದು ಜಗಳಕ್ಕೇ.

"ಯಾವಲೇ ಅಂವ ಕಲ್ಲು ತೊಳದಾಂವ? ಹೊರಗ ಬಾ! ಗಂಡಸಾಗಿದ್ರ ಹೊರಗ ಬಾ!"

ಬಾಗಿಲುಗಳು ತೆರೆದವು. ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ಮುಖ ಅರಳಿತ್ತು.

"ಹಂಗ್ಯಾಕ ಚೀರತಿಯೋ ಓಣಿ ತುಂಬ? ತೊಳದಾಂವ ಅಲ್ಲ, ತೊಳದಾಕಿ. ನಾವು ಆರು ಮಂದಿ ಹೆಣ್ಮಕ್ಕಳು ಕೂಡಿ ತೊಳದ್ವಿ. ಹೆಂಗ ಹೊಳ್ಯಾಕತ್ತಾವು ನೋಡಿದೇನು?"

ಯಮನೂರ ಹೊಸ್ತಿಲ ಬಳಿಗೆ ಬಂದ.

"ಮೂರು ಸಲ ಬ್ಲೀಚಿಂಗ್ ಹಾಕಿದ್ವಿ. ಕಡೀಕೊಮ್ಮೆ ಕುದಿಯೂ ನೀರು. ನೀನ ಹೇಳಿದ್ಯಲ್ಲ, ಕಲ್ಲು ನೀರಾಗ ಇರ್ಲಿ, ಒಣಗಬಾರದು ಅಂತ. ಒಂದು ಗಳಿಗಿನೂ ಒಣಗಗೊಟ್ಟಿಲ್ಲ." ಅವಳು ಅಂಗೈ ಚಾಚಿದಳು. ಬೆರಳ ತುದಿಯ ಚರ್ಮ ಸುಲಿದು ಬಿಳಿಚಿಕೊಂಡಿತ್ತು. "ಹೊಸಾ ಮನಿಗೆ ಯಾರಾರ ಹೊಲಸು ಹೊತ್ಕೊಂಡು ಹೋಗ್ತಾರೇನು? ನಮ್ಮ ಜೀವಾ ಹಿಡದಿಟ್ಟ ಕಲ್ಲು ಅವು. ಮೂರು ವರ್ಷದ ಲೋಳಿ, ಹೆಂಗ ಜಿಗಿ ಹತ್ತಿತ್ತು ಅಂತೀ!"

ಯಮನೂರ ಹೊಸ್ತಿಲ ಮೇಲೆ ಕುಸಿದು ಕೂತ. ಹೊಡೆಯಲು ಬಂದ ಕೈ ತೊಡೆಯ ಮೇಲೆ ಬಿದ್ದಿತ್ತು. ಯಾರಿಗೆ ಹೊಡೆಯಬೇಕು?

"ಅಕ್ಕಾ, ಆ ಲೋಳಿನ ನಿಮ್ಮ ಜೀವ ಹಿಡದಿಟ್ಟಿತ್ತು. ಕಲ್ಲಲ್ಲ."

ಪಾಳಿಯ ಲೆಕ್ಕದಲ್ಲಿ ಎಲ್ಲವನ್ನೂ ಹೇಳಿದ. ನೀಲವ್ವನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತುಟಿಯ ಮೇಲೆಯೇ ನಿಂತುಕೊಂಡಿತು. ಪಕ್ಕದ ಮನೆಯ ಹೆಂಗಸು "ಯವ್ವಾ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಂದ್ರ... ನಾವು ಕೊಂದ್ವಾ?" ಎಂದಳು ನೀಲವ್ವ.

ಅವನು ತಲೆ ತಗ್ಗಿಸಿದ.

"ಮೂರು ವರ್ಷ ದಿನಾ ಅದನ್ನ ಮುಟ್ಟಿದಿ ನೀನು. ಅದು ಜೀವಂತ ಐತಿ ಅಂತ ಒಮ್ಮೇರೆ ನನಗ ಹೇಳಿದ್ದೇನು, ತಮ್ಮಾ?"

ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ತೊಟ್ಟಿಯ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತರುವಷ್ಟು ಪುರುಸೊತ್ತು ಕಚೇರಿಯ ಯಾವ ಮಹಾಶಯನಿಗೂ ಇರಲಿಲ್ಲ. ಅದು ಹಾಳಾಗಿ ಹೋಗಲಿ. ಮೇಡಂ ಅವನಿಗೆ ಹೇಳಿದ್ದರಲ್ಲ! ಅವನು ಯಾರಿಗೂ ಹೇಳಲಿಲ್ಲ. ಶಾಲೆ ಬಿಟ್ಟವನೆಂದು ಎಲ್ಲರಿಂದ ಅನ್ನಿಸಿಕೊಂಡವನಿಗೆ, ಮತ್ಯಾರಿಗೂ ಗೊತ್ತಿಲ್ಲದ ಒಂದು ವಿದ್ಯೆ ಸಿಕ್ಕಿತ್ತು. ಅದನ್ನು ಹಂಚಿದರೆ ಅವನ ಬಳಿ ಉಳಿಯುವುದೇನು? ಕಲ್ಲು ನೀರಿನಲ್ಲಿರಲಿ ಎಂದ. ಯಾವ ನೀರು, ಯಾಕೆ ಎನ್ನಲಿಲ್ಲ.

ನೀಲವ್ವ ಒಳಗೆ ಹೋದಳು. ಒಲೆಯ ಮೇಲೆ ಹಾಲು ಕಾಯಲಿಟ್ಟಿದ್ದಳು. ಅದು ಉಕ್ಕುವ ಮೊದಲೇ ಇಳಿಸಿದಳು. ಪಾತ್ರೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು.

"ಹಾಲು ಐತಿ, ಹೆಪ್ಪಿಲ್ಲ. ಹಂಗ ಹೌದಿಲ್ಲ ಇದು?"

"ಏನು?"

"ಕಲ್ಲು ಅದಾವ, ನೀರು ಐತಿ, ಮೀನು ಅದಾವ. ಹೆಪ್ಪು ಸತ್ತೈತಿ. ನಮ್ಮನಿ ಹೆಪ್ಪು ಕೆಟ್ರ ಬಾಜೂ ಮನಿಯಿಂದ ತರ್ತೀವಿ. ಬಾಜೂ ತೊಟ್ಟಿ ಎಲ್ಲೈತಿ ಹೇಳು."

ಯಮನೂರ ತಲೆ ಎತ್ತಿ ನೋಡಿದ. ಆರು ವಾರ ಎಂದ ವಿಜ್ಞಾನಕ್ಕೂ ಹೊಳೆಯದ್ದಲ್ಲ ಅದು. ನಿಯಮ ಅದನ್ನು ಹೊಳೆಯಗೊಟ್ಟಿರಲಿಲ್ಲ. ಒಂದು ತೊಟ್ಟಿಯ ಕಲ್ಲು ಇನ್ನೊಂದಕ್ಕೆ ಹೋಗಬಾರದು ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ರೋಗ ಹರಡೀತೆಂಬ ಭಯಕ್ಕೆ.

*

"ಬೆಟಗೇರಿ ತೊಟ್ಟಿ," ಎಂದರು ಮೇಡಂ. "ನಾಲ್ಕು ವರ್ಷದ್ದು, ಗಟ್ಟಿ ಅದ. ಮೊದಲು ನಾ ಲೋಳಿ ಪರೀಕ್ಷಾ ಮಾಡ್ತೀನಿ. ರೋಗ ಇಲ್ಲ ಅಂದ್ರ ನಾನ ಸಹಿ ಹಾಕ್ತೀನಿ."

"ಒಂದು ತೊಟ್ಟಿ ಕೆಟ್ಟದ್ದು ಸಾಲ್ದು ಅಂತ ಎರಡನೇದೂ ಕೆಡಸ್ತೀರೇನ್ರಿ ಮೇಡಂ? ನಾ ಇದಕ್ಕ ಒಪ್ಪಂಗಿಲ್ಲ," ಎಂದರು ಕಟಗೇರಿ. ಯಮನೂರ ಅವರತ್ತ ಉರಿಗಣ್ಣು ಬಿಟ್ಟ. ಆ ಮನುಷ್ಯ ಆಡಿದ ಅಷ್ಟೂ ಮಾತಿನಲ್ಲಿ ಒಂದೇ ಒಂದರಲ್ಲಿ ನಿಜವಿತ್ತು, ಅದು ಇದೇ ಎಂದು ಅವನಿಗೆ ಆಗ ಗೊತ್ತಿರಲಿಲ್ಲ.

ಕಟಗೇರಿಯ ಮಾತು ಮೀರಿ ಮೇಡಂ, ಯಮನೂರ, ನೀಲವ್ವ ಗದಗಿನ ಪಕ್ಕದ ಬೆಟಗೇರಿ ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮಗ್ಗದ ಓಣಿಯ ಕೊನೆಗೆ ತೊಟ್ಟಿಯ ಕೋಣೆ. ನೋಡಿಕೊಳ್ಳುವವನು ವಿರೂಪಣ್ಣ, ಅರವತ್ತು ದಾಟಿದ ನೇಕಾರ. ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ.

"ಆಗೂದಿಲ್ರಿ. ನಮ್ಮ ತೊಟ್ಟಿ ಮ್ಯಾಲೆ ಒಂಬತ್ತು ಮಂದಿ ಅದಾರ. ನನ್ನ ಹೇಣ್ತಿನೂ ಅದಾಳ."

ಹೆಂಡತಿ ಬನಶಂಕರವ್ವ ಆ ಹೊತ್ತಿಗೆ ಅಲ್ಲೇ ಮಂಚದ ಮೇಲೆ, ತೋಳಿಗೆ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದಳು. ನೀಲವ್ವ ಗಂಡಸರನ್ನು ಬಿಟ್ಟು ನೇರವಾಗಿ ಹೋಗಿ ಅವಳ ಕಾಲದೆಸೆಯಲ್ಲಿ ಕೂತಳು.

"ಅಕ್ಕಾರ, ಹೆಪ್ಪು ಕೇಳಾಕ ಬಂದೀನ್ರಿ."

"ಎಷ್ಟು ಬೇಕವ್ವಾ?"

"ಅರ್ಧ."

ಬನಶಂಕರವ್ವ ಮಲಗಿದಲ್ಲೇ ನಕ್ಕಳು. "ಅರ್ಧ ಗಡಗಿ ಕೇಳಿದ್ರ ಅದು ಹೆಪ್ಪಲ್ಲವ್ವಾ, ಪಾಲು!"

"ಹೌದ್ರಿ. ಪಾಲ ಕೇಳಾಕತ್ತೀನಿ. ನಮ್ಮದನ್ನ ನಾನ ತೊಳದು ಕೊಂದೀನಿ."

ನಗು ನಿಂತಿತು. ಬನಶಂಕರವ್ವ ಅವಳ ಸುಲಿದ ಬೆರಳುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೇಡಂ ಕಡೆ ನೋಡಿ, "ಅರ್ಧ ಕೊಟ್ರ ನಮಗೇನಾಗ್ತೈತ್ರಿ?" ಎಂದಳು.

ಮೇಡಂ ಮುಚ್ಚಿಡಲಿಲ್ಲ. ಮೂರು ವಾರ ಎರಡೂ ಕಡೆ ಅರೆಹೊಟ್ಟೆ. ರಕ್ತ ಅರ್ಧವೇ ಶುದ್ಧವಾಗುತ್ತದೆ. ಕಾಲು ಬಾತುಕೊಳ್ಳುತ್ತದೆ, ದಣಿವು, ವಾಕರಿಕೆ. ನೀರು, ಉಪ್ಪು, ಹಣ್ಣು ಕಟ್ಟುನಿಟ್ಟು. ಕಲ್ಲು ಮತ್ತೆ ಲೋಳೆ ಕಟ್ಟಿದ ಮೇಲೆ ಎಲ್ಲ ಮೊದಲಿನಂತೆ. "ಹೃದಯದ ತ್ರಾಸ ಇದ್ದವರು ಮಾತ್ರ ಇದನ್ನ ತಡಿಯೂದಿಲ್ಲ. ನಿಮ್ಮ ಕಾಗದದೊಳಗ ಯಾರಿಗೂ ಬರದಿಲ್ಲ. ಕಾಗದದೊಳಗ ಇರಲಾರದ್ದು ಏನಾರ ಇದ್ರ ಈಗ ಹೇಳ್ರಿ. ಖರೇ ಹೇಳ್ರಿ."

ವಿರೂಪಣ್ಣ ಹೆಂಡತಿಯ ಕಡೆ ನೋಡಿದ. ಹೆಂಡತಿ ಅವನ ಕಡೆ ನೋಡಿದಳು. ಮಗ್ಗದ ಸದ್ದು ಓಣಿಯಿಂದ ಕೇಳಿಬರುತ್ತಿತ್ತು.

"ಯಾರಿಗೂ ಇಲ್ರಿ," ಎಂದಳು ಬನಶಂಕರವ್ವ. "ಏ, ಉಳದವರನ್ನ ಕೇಳ್ಕೊಂಡು ಬಾ. ಮನಿ ಮನಿಗೆ ಹೋಗು. ಒಬ್ಬರು ಬ್ಯಾಡ ಅಂದ್ರೂ ಬ್ಯಾಡ."

ಒಬ್ಬರೂ ಬೇಡ ಎನ್ನಲಿಲ್ಲ. ಮೇಡಂ ಪರೀಕ್ಷೆ ಮುಗಿಸುವಷ್ಟರಲ್ಲಿ ವಿರೂಪಣ್ಣ ಎಂಟು ಮನೆ ತಿರುಗಿ ಬಂದ. ಆಮೇಲೆ ತೋಳೇರಿಸಿ, ಯಾರನ್ನೂ ಮುಟ್ಟಗೊಡದೆ, ಚಹಾ ಬಣ್ಣದ ಕಲ್ಲುಗಳನ್ನು ತಾನೇ ಬೊಗಸೆ ಬೊಗಸೆಯಾಗಿ ಡ್ರಮ್ಮಿಗೆ ಇಳಿಸಿದ. ಅದೇ ತೊಟ್ಟಿಯ ನೀರು, ಮೇಲೆ ಬ್ಯಾಟರಿಯ ಗಾಳಿ ಪಂಪು. ದಾರಿಯುದ್ದಕ್ಕೂ ಯಮನೂರ ಡ್ರಮ್ಮನ್ನು ತಬ್ಬಿಕೊಂಡೇ ಕೂತಿದ್ದ.

*

ಶನಿವಾರ ಬೆಳಿಗ್ಗೆ ಅಮೋನಿಯಾ ಸೊನ್ನೆ.

ಚಾಳಿನವರು ಕುಣಿದಾಡಿದರು. ಎರಡನೆಯ ಪಾಳಿ ಕೆಲಸಕ್ಕೆ ಇಳಿದಿತ್ತು. ನೈಟ್ರೈಟನ್ನೂ ಮೇಡಂ ಕೈಯಾರೆ ಪರೀಕ್ಷಿಸಿದರು, ಪರವಾಗಿಲ್ಲ ಎನ್ನುವಷ್ಟಿತ್ತು. ಅದನ್ನು ಗಳಿಗೆ ಗಳಿಗೆಗೂ ತೋರಿಸುವ ಮೀಟರ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಗೋಡೆಯ ಬಣ್ಣ ಹಸಿಯಿದೆ, ಉದ್ಘಾಟನೆ ಮುಗಿದ ಮೇಲೆ ಮೊಳೆ ಹೊಡೆಯೋಣ ಎಂದಿದ್ದರು ಕಟಗೇರಿ. ಬಣ್ಣದ ದೀಪಗಳಿಗೆ ಮಾತ್ರ ಅದೇ ಹಸಿ ಗೋಡೆಯಲ್ಲಿ ಹನ್ನೆರಡು ಮೊಳೆ ಬಿದ್ದಿದ್ದವು.

ದೊಡ್ಡಾಸ್ಪತ್ರೆಗೆ ಹೋದ ಇಬ್ಬರನ್ನು ಬಿಟ್ಟು ಐದು ಜನ ಸಾಲಾಗಿ ಕೂತಿದ್ದರು, ಮುಖ ಬಾತುಕೊಂಡು.

"ಮೊದಲು ನಾ ಮಲಗ್ತೀನಿ," ಎಂದಳು ನೀಲವ್ವ. "ಏನಾರ ಆದ್ರ ನನಗ ಆಗ್ಲಿ."

ಇಪ್ಪತ್ತು ನಿಮಿಷ ಎಲ್ಲ ಸರಿಯಾಗಿತ್ತು. ಅವಳು ಪಕ್ಕದಲ್ಲಿದ್ದ ಹೆಂಗಸಿಗೆ ಏನೋ ಚಾಷ್ಟಿ ಮಾಡಿ ನಗಿಸುತ್ತಿದ್ದಳು. ಯಮನೂರ ಕಣ್ಣು ಮಿಟುಕಿಸದೆ ಮೀನುಗಳನ್ನು ನೋಡುತ್ತ ನಿಂತಿದ್ದ. ಒಂದು ಮೀನು ಮೇಲೆ ಬಂತು. ಬಾಯಿ ತೆರೆಯಿತು. ಇನ್ನೊಂದು ಬಂತು. ಹತ್ತು ಬಂದವು. ಒಂದರ ಕಿವಿರು ಎತ್ತಿ ನೋಡಿದ. ಒಳಗೆ ಕೆಂಪು ಇರಲಿಲ್ಲ, ಕಂದು.

"ಮೇಡಂ!"

ಅವರು ತಿರುಗುವಷ್ಟರಲ್ಲಿ ಅವನೇ ನಳಿಕೆಯ ಚಿಮುಟ ಒತ್ತಿದ್ದ. ಅಕ್ಕನ ತುಟಿ ನೇರಳೆಹಣ್ಣು ತಿಂದವರ ಹಾಗೆ ಕಪ್ಪುನೀಲಿ. ಉಗುರು ನೀಲಿ. ಕಣ್ಣು ತೆರೆದಿತ್ತು, ಮಾತು ಹೊರಡುತ್ತಿರಲಿಲ್ಲ. ಮೇಡಂ ಸಿರಿಂಜಿನಲ್ಲಿ ರಕ್ತ ಎಳೆದರು. ಮನುಷ್ಯರ ರಕ್ತ ಕೆಂಪಗಿರಬೇಕಲ್ಲವೇ? ಇದು ಬೆಲ್ಲದ ಪಾಕದ ಬಣ್ಣ.

ಮೂರನೆಯ ಪಾಳಿ ಬಂದಿರಲಿಲ್ಲ. ಬೆಟಗೇರಿಯಿಂದ ಬಂದ ಲೋಳೆಯಲ್ಲಿ ಎರಡನೆಯವು ಬೇಗ ಚೇತರಿಸಿಕೊಂಡಿದ್ದವು, ಮೂರನೆಯವು ಇನ್ನೂ ಮಂಕು. ಅಕ್ಕನ ರಕ್ತದ ಭಾರ ಬಿದ್ದದ್ದೇ ತಡ, ನೈಟ್ರೈಟ್ ಏರಿ, ತಿನ್ನುವವರಿಲ್ಲದೆ ಪೊರೆ ದಾಟಿ ಮೈಗೆ ನುಗ್ಗಿ, ಗಾಳಿ ಹೊರುವ ಶಕ್ತಿಯನ್ನೇ ರಕ್ತದಿಂದ ಕಸಿದಿತ್ತು. ಉಸಿರಾಡುತ್ತಿದ್ದಳು, ಉಸಿರು ಮೈಗೆ ಹತ್ತುತ್ತಿರಲಿಲ್ಲ. ಮೀನುಗಳ ಹಾಗೆಯೇ.

ಮೇಡಂ ಕಡುನೀಲಿ ಔಷಧವನ್ನು ನಿಧಾನವಾಗಿ ನರಕ್ಕೆ ಏರಿಸಿದರು. ಬಣ್ಣ ಕಂಡೇ ಯಮನೂರ ಗುರುತಿಸಿದ. ಜಡ್ಡು ಬಿದ್ದ ಮೀನಿನ ನೀರಿಗೆ ಅವನು ಹನಿ ಹನಿಯಾಗಿ ಹಾಕುತ್ತಿದ್ದದ್ದು ಅದೇ ನೀಲಿ. ಹದಿನೈದು ನಿಮಿಷ. ಇಪ್ಪತ್ತು. ತುಟಿಯ ಅಂಚಿನಲ್ಲಿ ಎಳ್ಳಷ್ಟು ಕೆಂಪು ಮೂಡಿತು.

"ಯಾಕ್ರೋ ಎಲ್ಲಾರೂ ಹೆಣಾ ನೋಡಿದ್ಹಂಗ ನೋಡ್ತೀರಿ?" ಎಂದಳು ನೀಲವ್ವ, ಎಳೆದೆಳೆದು.

ಹೊರಗೆ ಬ್ಯಾಂಡಿನವರು ಬಂದು ನಿಂತಿದ್ದರು. ಅರ್ಧ ಗಂಟೆಯ ನಂತರ ಅದೇ ಕೋಣೆಯ ಬಾಗಿಲಿಗೆ ಕಟ್ಟಿದ ಪಟ್ಟಿಯನ್ನು ದೊಡ್ಡವರೊಬ್ಬರು ಕತ್ತರಿಸಿದರು, ಬಣ್ಣದ ದೀಪಗಳು ಹೊತ್ತಿಕೊಂಡವು, ಜನ ಮೀನು ನೋಡಿ ಚಪ್ಪಾಳೆ ತಟ್ಟಿದ್ದೂ ಆಯಿತು. ಐದು ಜನರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದ್ದರು.

ಆ ರಾತ್ರಿಯಿಂದಲೇ ದೊಡ್ಡಾಸ್ಪತ್ರೆಯ ಹಳೆಯ ಯಂತ್ರದ ಕೋಣೆಯ ಬಾಗಿಲಲ್ಲಿ ಮೇಡಂ ಕೂತರು. ಅವರಿವರನ್ನು ಬೇಡಿ, ಬೈದು, ಐವರಿಗೂ ಒಂದೊಂದು ಸಲ ಸಿಗುವಂತೆ ಮಾಡಿದರು. ಯಮನೂರ ಪೆಟ್ಟಿಗೆ ಒಡೆದು ಮೀಟರ್ ತೆಗೆದು, ದೀಪದ ಮೊಳೆಗೇ ನೇತುಹಾಕಿದ. ಬುಧವಾರ ನೈಟ್ರೈಟಿನ ಗೆರೆ ಇಳಿಯತೊಡಗಿತು. ಗುರುವಾರ ಸೊನ್ನೆ. ಮೂರನೆಯ ಪಾಳಿ ಬಂದಿತ್ತು. ದೊಡ್ಡಾಸ್ಪತ್ರೆಯಿಂದ ಮರಳಿದ ಇಬ್ಬರೂ ಸೇರಿ ಏಳು ಜನರೂ ಮಲಗಿ ಎದ್ದರು, ಅರೆಹೊಟ್ಟೆಯಾದರೂ ಬದುಕಿ ಎದ್ದರು.

ಅದರ ಮರುವಾರ, ಸೋಮವಾರ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಮಾತು ತಡವರಿಸುತ್ತಿತ್ತು.

"ಯಮನೂರ, ಬೆಟಗೇರಿ ಬನಶಂಕರವ್ವ ಹೋದ್ಲು. ಹೃದಯ ನಿಂತದ. ಎರಡು ವರ್ಷದಿಂದ ತ್ರಾಸ ಇತ್ತಂತ, ಎಲ್ಲೋ ಖಾಸಗಿ ತೋರಿಸಿದ್ಲಂತ. ನನಗ ಹೇಳಿರಲಿಲ್ಲ. ನಾ ಕೇಳಿದ್ದೆ, ಹೌದಿಲ್ಲ? ನೀನೂ ಅಲ್ಲೇ ಇದ್ದಿ, ನಾ ಕೇಳಿದ್ದೆ ಹೌದಿಲ್ಲ?"

ಫೋನು ಕೈಯಲ್ಲೇ ಇತ್ತು. ಯಮನೂರ ಎದುರಿನ ತೊಟ್ಟಿಯನ್ನು ನೋಡಿದ. ಕಲ್ಲುಗಳ ಮೇಲೆ ಕಂದು ಬಣ್ಣ ತೆಳ್ಳಗೆ ಹಬ್ಬುತ್ತಿತ್ತು. ಅದನ್ನು ಕಂಡು ಬೆಳಗಿನಿಂದ ಅವನು ಹಿಗ್ಗಿ ಹೋಗಿದ್ದ. ಆ ಬಣ್ಣ ಎಲ್ಲಿಂದ ಬಂತು, ಯಾರ ಪಾಲು ಅದು? ನೀಲವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. ಆ ದಿನ ಒಲೆ ಹಚ್ಚಲಿಲ್ಲ.

*

ಮೂರು ವಾರ ತುಂಬಿದ ಮೇಲೆ, ಲೋಳೆ ಕಟ್ಟಿದ ಕಲ್ಲುಗಳನ್ನು ಡ್ರಮ್ಮಿನಲ್ಲಿ ತುಂಬಿಕೊಂಡು ಯಮನೂರ ಒಬ್ಬನೇ ಬೆಟಗೇರಿಗೆ ಹೋದ. ತಾನೂ ಬರುತ್ತೇನೆಂದು ನೀಲವ್ವ ಹಟ ಹಿಡಿದಿದ್ದಳು. ಬೇಡವೆಂದು ಬಿಟ್ಟು ಬಂದಿದ್ದ. ಅವಳನ್ನು ಆ ಮನುಷ್ಯನ ಎದುರಿಗೆ ನಿಲ್ಲಿಸುವ ಧೈರ್ಯ ಅವನಿಗಿರಲಿಲ್ಲ. ಅವನು ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ವಿರೂಪಣ್ಣ ಬೈಯಲಿಲ್ಲ. ಬಾ ಎಂದೂ ಅನ್ನಲಿಲ್ಲ. ತೋಳೇರಿಸಿ ಡ್ರಮ್ಮಿಗೆ ಕೈ ಹಾಕಿ, ಒಂದು ಕಲ್ಲು ಎತ್ತಿ, ಹೆಬ್ಬೆರಳಿನಿಂದ ಲೋಳೆ ಸವರಿ ನೋಡಿದ. ಸರಿಯಾಗಿದೆ ಎಂಬಂತೆ ತಲೆಯಾಡಿಸಿ ತೊಟ್ಟಿಗೆ ಬಿಟ್ಟ. ಎರಡನೆಯದು. ಮೂರನೆಯದು. ಆಮೇಲೆ ಬೊಗಸೆ ಬೊಗಸೆಯಾಗಿ.

"ಎಷ್ಟ್ ಮಂದಿ ಉಳದ್ರು?" ಎಂದ, ತಲೆ ಎತ್ತದೆ.

"ಏಳು ಮಂದಿ ಕಾಕಾ. ಏಳೂ ಮಂದಿ."

"ಹೆಸರು ಹೇಳು."

ಯಮನೂರ ಹೇಳಿದ. ಇಮಾಮಸಾಬ. ದ್ಯಾಮವ್ವ. ಫಕೀರಪ್ಪ ಮಾಸ್ತರ. ಒಂದೊಂದು ಹೆಸರಿಗೂ ವಿರೂಪಣ್ಣ ಒಂದು ಬೊಗಸೆ ಕಲ್ಲು ಇಳಿಸುತ್ತ ಹೋದ. ತೇಜವ್ವ. ಹುಸೇನಬಿ. ಗೋವಿಂದಸಾ. ಆರಕ್ಕೆ ಯಮನೂರ ನಿಲ್ಲಿಸಿದ.

"ಇನ್ನೊಂದು?"

"ನೀಲವ್ವ. ನಮ್ಮ ಅಕ್ಕ ರೀ. ಅವತ್ತ ಹೆಪ್ಪು ಕೇಳಾಕ ಬಂದಿದ್ಲಲ್ರಿ." ಉಳಿದದ್ದನ್ನೂ ಹೇಳಿಯೇಬಿಡಬೇಕು. "ಆಕಿನ ಕಾಕಾ ಕಲ್ಲು ತೊಳದಾಕಿ. ಆಕಿ ತೊಳೀದಿದ್ರ ಕಾಕಿ ಇವತ್ತ ಇರ್ತಿದ್ಲು. ಅಲ್ಲ, ಆಕಿದಲ್ಲ ತಪ್ಪು. ನಾ ಹೇಳಿರಲಿಲ್ಲ. ನನಗ ಗೊತ್ತಿತ್ತು, ನಾ ಯಾರಿಗೂ ಹೇಳಿರಲಿಲ್ಲ. ನನಗ ಹೊಡೀರಿ."

ವಿರೂಪಣ್ಣನ ಕೈ ನೀರಿನಲ್ಲೇ ನಿಂತಿತು. ಮೊಣಕೈವರೆಗೂ ಲೋಳೆ. ಮೀನೊಂದು ಬಂದು ಅವನ ಬೆರಳು ಮೂಸಿ ಹೋಯಿತು.

"ಈ ಕ್ವಾಣಿಗೆ ಬಂದಾಗ," ಎಂದ ಕೊನೆಗೆ, "ನಾಲ್ಕು ವರ್ಷದ ಹಿಂದ, ತೊಟ್ಟಿ ಇಡೂ ಮೊದಲ, ನನ್ನ ಹೇಣ್ತಿ ಎರಡು ದಿನಾ ಕುಂತು ನೆಲಾ ತಿಕ್ಕಿದ್ಲು. ಗ್ವಾಡಿ ತಿಕ್ಕಿದ್ಲು. ಆ ಮಂಚದ ಕಾಲ ಸೈತ ಬಿಡ್ಲಿಲ್ಲ."

ಕೊನೆಯ ಬೊಗಸೆ ಎತ್ತಿದ. ಅದನ್ನು ತಕ್ಷಣ ಇಳಿಸದೆ ಎದೆಗೆ ಹತ್ತಿರ ಹಿಡಿದುಕೊಂಡ. ಕಂದು ನೀರು ಅಂಗಿಯ ಮೇಲೆ ಸೋರಿತು.

"ನಮ್ಮ ತೊಟ್ಟಿ ಸಾಗಿಸಿದ್ರ ಆಕಿನೂ ತೊಳೀತಿದ್ಲಪಾ," ಎಂದ. "ಖರೇನ, ಆಕಿನ ಎಲ್ಲಾರಿಗಿಂತ ಮೊದಲ ತೊಳೀತಿದ್ಲು."

ಯಮನೂರ ಖಾಲಿ ಮಂಚದ ಅಂಚು ಹಿಡಿದು ಕೂತ. ವಿರೂಪಣ್ಣ ಆ ಬೊಗಸೆಯನ್ನೂ ನೀರಿಗೆ ಬಿಟ್ಟು, ಒಂದು ಕಲ್ಲೂ ಮಗುಚಿ ಬೀಳದಂತೆ, ಎರಡೂ ಕೈಯಲ್ಲಿ ಸಮ ಮಾಡತೊಡಗಿದ.